ಜೆಲ್ಲಿಗೆ ಪೌಷ್ಟಿಕತೆ ತುಂಬುವುದು: ಹಣ್ಣು, ಅಗರ್, ಜೆಲಾಟಿನ್ – ಅಧ್ಯಯನ ಟಿಪ್ಪಣಿ

ಚಮಚದಲ್ಲಿ ತಿನ್ನುವ ಜೆಲ್ಲಿಯಲ್ಲಿ ಗಟ್ಟಿಗೊಳಿಸುವ ವಸ್ತು ಇರುವುದು ಶೇ. 1ರ ಆಸುಪಾಸಿನಿಂದ 2ರಷ್ಟು ಮಾತ್ರ. ಉಳಿದದ್ದೆಲ್ಲ ಆ ವಸ್ತು ಹೆಣೆಯುವ ಜಾಲದೊಳಗೆ ಸಿಕ್ಕಿಕೊಂಡ ದ್ರವ. ಪೊಟ್ಟಣದ ಜೆಲ್ಲಿ ಪುಡಿಯಲ್ಲಿ ಬಹುಪಾಲು ಸಕ್ಕರೆಯೇ ಆಗಿರುವುದರಿಂದ ಆ ದ್ರವ ಬಣ್ಣದ ಸಕ್ಕರೆ ನೀರು. ಹಾಗಾಗಿ ಪೌಷ್ಟಿಕತೆಯ ಪ್ರಶ್ನೆ ಇರುವುದು ದ್ರವದಲ್ಲಿ: ನೀರಿನ ಜಾಗಕ್ಕೆ ಹಣ್ಣಿನ ತಿರುಳು, ಹಾಲು ಅಥವಾ ಮೊಸರು ಬರಬೇಕು. ತೊಡಕು ಶುರುವಾಗುವುದೂ ಇಲ್ಲಿಯೇ. ಹುಳಿ, ನಾರು, ಕಿಣ್ವ, ಕಡಿಮೆ ಸಕ್ಕರೆ ಇವೆಲ್ಲ ಜಾಲವನ್ನು ಒಂದಲ್ಲ ಒಂದು ರೀತಿ ಕೆಡಿಸುತ್ತವೆ. ಯಾವುದು ಹೇಗೆ ಕೆಡಿಸುತ್ತದೆ ಎಂದು ತಿಳಿದರೆ ಪಾಕವಿಧಾನವನ್ನು ನಾವೇ ಹೊಂದಿಸಿಕೊಳ್ಳಬಹುದು.

ಗಟ್ಟಿಗೊಳಿಸುವ ವಸ್ತುಗಳು

ಅಗರ್ ಕೆಂಪು ಕಡಲಪಾಚಿಯಿಂದ ಬರುತ್ತದೆ, ಆದ್ದರಿಂದ ಸಸ್ಯಾಹಾರಿಗಳಿಗೂ ಸಲ್ಲುತ್ತದೆ. ಅದು ಕರಗಬೇಕಾದರೆ ಕುದಿಯಲೇಬೇಕು, ಬಿಸಿ ನೀರಿಗೆ ಹಾಕಿ ಕಲಕಿದರೆ ಸಾಲದು. ಸುಮಾರು 35–40 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಗಟ್ಟಿಯಾಗುತ್ತದೆ, ಮತ್ತೆ ಕರಗಲು 85 ಡಿಗ್ರಿಯ ಆಸುಪಾಸು ಬಿಸಿ ಬೇಕು. ಅಂದರೆ ಫ್ರಿಜ್ ಇಲ್ಲದೆಯೂ ನಿಲ್ಲುತ್ತದೆ, ಆದರೆ ಬಾಯಲ್ಲಿ ಕರಗುವುದಿಲ್ಲ, ಕಚ್ಚಿದರೆ ಮುರಿಯುತ್ತದೆ.

ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಗಳ ಕೊಲಾಜನ್ ಎಂಬ ಪ್ರೋಟೀನ್‌ನಿಂದ ತಯಾರಾಗುತ್ತದೆ. ತಣ್ಣೀರಿನಲ್ಲಿ 5–10 ನಿಮಿಷ ನೆನೆಸಿ, ಆಮೇಲೆ ಹದವಾದ ಬಿಸಿಯಲ್ಲಿ ಕರಗಿಸಬೇಕು. ತುಂಬಾ ಹೊತ್ತು ಕುದಿಸಿದರೆ ಬಲ ಕುಗ್ಗುತ್ತದೆ. ಗಟ್ಟಿಯಾಗಲು ಫ್ರಿಜ್ ಬೇಕು, ಬಾಯಿಯ ಬಿಸಿಗೇ ಕರಗುತ್ತದೆ. ಇದು ಪ್ರೋಟೀನ್ ನಿಜ, ಆದರೆ ಟ್ರಿಪ್ಟೊಫಾನ್ ಎಂಬ ಅಗತ್ಯ ಅಮೈನೋ ಆಮ್ಲವೇ ಇಲ್ಲದ ಅಪೂರ್ಣ ಪ್ರೋಟೀನ್. ಜೆಲಾಟಿನ್ ಹಾಕಿದ ಮಾತ್ರಕ್ಕೆ ಜೆಲ್ಲಿಯನ್ನು ‘ಪ್ರೋಟೀನ್ ತಿನಿಸು’ ಎನ್ನುವುದು ಅತಿಯಾಯಿತು.

ಹಣ್ಣುಗಳಿಂದ ತೆಗೆಯುವ ಪೆಕ್ಟಿನ್ ವಿಷಯ ಬೇರೆ. ಜಾಮ್‌ಗೆ ಬಳಸುವ ಸಾಮಾನ್ಯ ಪೆಕ್ಟಿನ್ ಹಿಡಿದುಕೊಳ್ಳಲು ಶೇ. 55ಕ್ಕಿಂತ ಹೆಚ್ಚು ಸಕ್ಕರೆಯೂ ಸಾಕಷ್ಟು ಹುಳಿಯೂ ಬೇಕು. ಅದರಲ್ಲಿ ಸಕ್ಕರೆ ಇಳಿಸಲು ಹೊರಟರೆ ಸಿಗುವುದು ಪಾನಕ. ಸಕ್ಕರೆ ಕಡಿಮೆ ಬೇಕೆಂದರೆ ಕ್ಯಾಲ್ಸಿಯಂನಿಂದ ಗಟ್ಟಿಯಾಗುವ ಕಡಿಮೆ ಮೆಥಾಕ್ಸಿಲ್ ಪೆಕ್ಟಿನ್ ತರಬೇಕು.

ಮಾದರಿ: ಮಾವಿನ ತಿರುಳಿನ ಅಗರ್ ಜೆಲ್ಲಿ (5 ಜನರಿಗೆ)

ಬೇಕಾದದ್ದು: ಮಾವಿನ ತಿರುಳು 300 ಗ್ರಾಂ, ನೀರು 200 ಮಿ.ಲೀ., ಅಗರ್ ಪುಡಿ 4 ಗ್ರಾಂ, ಸಕ್ಕರೆ 20 ಗ್ರಾಂ, ನಿಂಬೆರಸ 2 ಟೀ ಚಮಚ. ಅಗರನ್ನು ತಕ್ಕಡಿಯಲ್ಲೇ ತೂಗಿ. ಪುಡಿಯ ನುಣುಪಿಗೆ ತಕ್ಕಂತೆ ಚಮಚದ ಅಳತೆ ಬದಲಾಗುತ್ತದೆ, ಹೆಚ್ಚಾದರೆ ಜೆಲ್ಲಿ ತೀರಾ ಗಟ್ಟಿಯಾಗುತ್ತದೆ.

1. ತಿರುಳನ್ನು ಅರೆದು, ಸಣ್ಣ ಉರಿಯಲ್ಲಿ ಸುಮಾರು 40 ಡಿಗ್ರಿಗೆ, ಅಂದರೆ ಬೆರಳಿಗೆ ಉಗುರುಬೆಚ್ಚಗೆ ತಾಗುವಷ್ಟು, ಬಿಸಿ ಮಾಡಿಡಿ.
2. ಅಗರ್ ಮತ್ತು ಸಕ್ಕರೆಯನ್ನು ಒಣಗಿರುವಾಗಲೇ ಬೆರೆಸಿ ತಣ್ಣೀರಿಗೆ ಉದುರಿಸಿ. ನೇರ ಬಿಸಿ ನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ.
3. ಕಲಕುತ್ತಾ ಕುದಿ ಬರಿಸಿ, 2–3 ನಿಮಿಷ ಕುದಿಸಿ. ಸೌಟಿನ ಬೆನ್ನಿಗೆ ಹರಳಿನಂಥ ಕಣ ಕಂಡರೆ ಇನ್ನೂ ಕರಗಿಲ್ಲ ಎಂದರ್ಥ.
4. ಉರಿ ಆರಿಸಿ, ಬೆಚ್ಚಗಿನ ತಿರುಳನ್ನು ಸುರಿಯುತ್ತಾ ಬೇಗನೆ ಕಲಕಿ. ಕೊನೆಗೆ ನಿಂಬೆರಸ ಹಾಕಿ, ಅಚ್ಚಿಗೆ ಹೊಯ್ಯಿರಿ.

ಮೊದಲ ಹೆಜ್ಜೆಯ ಕಾರಣವನ್ನು ಲೆಕ್ಕ ಹಾಕಿ ನೋಡಬಹುದು. 95 ಡಿಗ್ರಿಯ 200 ಭಾಗಕ್ಕೆ 40 ಡಿಗ್ರಿಯ 300 ಭಾಗ ಸೇರಿದರೆ ಮಿಶ್ರಣ ಸುಮಾರು 62 ಡಿಗ್ರಿಗೆ ನಿಲ್ಲುತ್ತದೆ. ಕಲಕಲು, ಹೊಯ್ಯಲು ಧಾರಾಳ ಸಮಯ. ಅದೇ ಫ್ರಿಜ್‌ನಿಂದ ತೆಗೆದ 10 ಡಿಗ್ರಿಯ ತಿರುಳಾದರೆ ಮಿಶ್ರಣ 44ಕ್ಕೆ ಇಳಿಯುತ್ತದೆ, ತಿರುಳು ತಗುಲಿದ ಜಾಗದಲ್ಲಂತೂ ಅದಕ್ಕಿಂತ ಕೆಳಗೆ. ಅಲ್ಲಲ್ಲಿ ಅಗರ್ ಹೆಪ್ಪುಗಟ್ಟಿ ಎಳೆಗಳು ಏಳುತ್ತವೆ, ಉಳಿದ ಭಾಗ ಸಡಿಲವಾಗಿಯೇ ಉಳಿಯುತ್ತದೆ. ‘ಅಗರ್ ಸರಿಯಿಲ್ಲ’ ಎಂಬ ದೂರಿಗೆ ಇದೂ ಒಂದು ಕಾರಣ.

ನಿಂಬೆರಸ ಕೊನೆಗೆ ಏಕೆ? ಹುಳಿಯ ಜೊತೆ ಕುದಿದರೆ ಅಗರ್‌ನ ಉದ್ದನೆಯ ಸರಪಳಿಗಳು ತುಂಡಾಗುತ್ತವೆ. ತಿರುಳನ್ನು ಕುದಿಸದೆ ಬೆರೆಸುವುದರಿಂದ ವಿಟಮಿನ್ ಸಿ ನಷ್ಟವೂ ಕಡಿಮೆ.

ಈ ಅಳತೆಯಲ್ಲಿ ಒಬ್ಬರ ಪಾಲಿಗೆ ಬರುವ ಹೊರಗಿನ ಸಕ್ಕರೆ 4 ಗ್ರಾಂ. ಸಕ್ಕರೆ ಪೂರ್ತಿ ಬಿಟ್ಟರೂ ಅಗರ್ ಗಟ್ಟಿಯಾಗುತ್ತದೆ, ಆದರೆ ಪುಡಿಪುಡಿಯಾಗಿ ಒಡೆಯುವ ಗುಣ ಹೆಚ್ಚುತ್ತದೆ, ಮರುದಿನ ಹೆಚ್ಚು ನೀರು ಬಿಡುತ್ತದೆ. ಇನ್ನೊಂದು ವಿಷಯ: ತಣ್ಣಗಿರುವಾಗ ಸಿಹಿ ಕಡಿಮೆಯೆನಿಸುತ್ತದೆ. ಬಿಸಿ ಮಿಶ್ರಣದ ರುಚಿ ನೋಡಿ ‘ಸಾಕು’ ಅನಿಸಿದ್ದು ಫ್ರಿಜ್‌ನಿಂದ ಬಂದಾಗ ಸಪ್ಪೆ. ಆಗ ಸಕ್ಕರೆ ಸುರಿಯುವ ಬದಲು ಚೆನ್ನಾಗಿ ಮಾಗಿದ ಹಣ್ಣು ಆರಿಸಿ.

ಸಕ್ಕರೆಯ ಬದಲು ಜೇನು?

ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯ ಪ್ರಕಾರ ಜೇನು, ಸಿರಪ್, ಹಣ್ಣಿನ ರಸದ ಸಕ್ಕರೆಯೂ, ನಾವು ಹೊರಗಿನಿಂದ ಹಾಕುವ ಸಕ್ಕರೆಯಂತೆಯೇ, ‘ಮುಕ್ತ ಸಕ್ಕರೆ’ಯೇ. ಅದು ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆಯಿರಬೇಕು, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು. 2,000 ಕಿಲೋಕ್ಯಾಲೊರಿ ತಿನ್ನುವವರಿಗೆ ಶೇ. 5 ಎಂದರೆ ಸುಮಾರು 25 ಗ್ರಾಂ. ‘ನೈಸರ್ಗಿಕ’ ಎಂಬ ಹೆಸರಿಗೆ ಇಲ್ಲಿ ರಿಯಾಯಿತಿ ಇಲ್ಲ. ಬ್ರಿಟನ್ನಿನ ವ್ಯಾಖ್ಯೆಯಂತೂ ಅರೆದ ತಿರುಳಿನ ಸಕ್ಕರೆಯನ್ನೂ ಇದರಲ್ಲೇ ಸೇರಿಸುತ್ತದೆ. ಆದ್ದರಿಂದ ಸೋಸಿದ ರಸಕ್ಕಿಂತ ನಾರಿರುವ ತಿರುಳು ಮೇಲು, ತಿರುಳಿಗಿಂತ ಇಡೀ ಹೋಳುಗಳು ಮೇಲು. 300 ಗ್ರಾಂ ತಿರುಳಿನಲ್ಲಿ 100 ಗ್ರಾಂ ತೆಗೆದು ಅಷ್ಟೇ ತೂಕದ ಸಣ್ಣ ಹೋಳುಗಳನ್ನು ಸೇರಿಸಿದರೂ ಜೆಲ್ಲಿ ಹಿಡಿಯುತ್ತದೆ.

ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು, ಬಾಟುಲಿಸಂ ಎಂಬ ಗಂಭೀರ ನಂಜಿನ ಕಾಯಿಲೆಯ ಅಪಾಯವಿದೆ.

ಜೆಲಾಟಿನ್ ಹಿಡಿಯದ ಹಣ್ಣುಗಳು

ಹಸಿ ಅನಾನಸ್, ಪಪ್ಪಾಯಿ, ಕಿವಿ, ಅಂಜೂರ, ಶುಂಠಿ ಇವುಗಳಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ಜೆಲಾಟಿನ್ ಪ್ರೋಟೀನೇ ಆದ್ದರಿಂದ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೂ ನೀರಾಗಿಯೇ ಇರುತ್ತದೆ. ಹೆಚ್ಚು ಜೆಲಾಟಿನ್ ಸುರಿದು ಫಲವಿಲ್ಲ. ಸಣ್ಣ ಹೋಳುಗಳನ್ನು ಕುದಿ ಬಂದ ಮೇಲೆ 5 ನಿಮಿಷ ಬೇಯಿಸಿದರೆ ಕಿಣ್ವ ಸಾಯುತ್ತದೆ, ಡಬ್ಬಿಯ ಅನಾನಸ್ ಕೆಲಸಕ್ಕೆ ಬರುವುದೂ ಇದಕ್ಕೇ. ಅಗರ್ ಪ್ರೋಟೀನ್ ಅಲ್ಲ, ಕಾರ್ಬೋಹೈಡ್ರೇಟ್. ಅದರ ಜೊತೆ ಈ ಹಣ್ಣುಗಳನ್ನು ಹಸಿಯಾಗಿಯೇ ಬಳಸಬಹುದು.

ಮೊಸರಿನ ವಿಷಯದಲ್ಲಿ ಜೆಲಾಟಿನ್ನೇ ಗೆಲ್ಲುತ್ತದೆ. ಮೊಸರಿನ ಬ್ಯಾಕ್ಟೀರಿಯಾ ಉಳಿಯಬೇಕಾದರೆ 45 ಡಿಗ್ರಿ ದಾಟಬಾರದು, ಅಗರ್ 40ಕ್ಕೇ ಗಟ್ಟಿಯಾಗತೊಡಗುತ್ತದೆ. ನಡುವೆ ಉಳಿಯುವ ಅವಕಾಶ ತೀರಾ ಕಿರಿದು. 400 ಗ್ರಾಂ ಗಟ್ಟಿ ಮೊಸರಿಗೆ 8 ಗ್ರಾಂ ಜೆಲಾಟಿನ್: 50 ಮಿ.ಲೀ. ತಣ್ಣೀರಿನಲ್ಲಿ ನೆನೆಸಿ, ಬಿಸಿ ನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ. ಮೊದಲು ಎರಡು ಚಮಚ ಮೊಸರನ್ನು ಅದಕ್ಕೆ ಬೆರೆಸಿ, ಆಮೇಲೆ ಅದನ್ನು ಉಳಿದ ಮೊಸರಿಗೆ ಹಾಕಿ. ಇಲ್ಲಿ ಮೊಸರು ಫ್ರಿಜ್‌ನ ತಣ್ಣಗಿರದೆ ಕೋಣೆಯ ಉಷ್ಣತೆಯಲ್ಲಿರಲಿ. ಹಾಲಿನ ಜೆಲ್ಲಿಗೆ ಹುಳಿ ಹಣ್ಣನ್ನು ನೇರ ಬೆರೆಸಿದರೆ ಹಾಲು ಒಡೆಯುತ್ತದೆ, ಎರಡನ್ನೂ ಬೇರೆ ಬೇರೆ ಪದರವಾಗಿ ಹೊಯ್ಯುವುದು ವಾಸಿ. ಅಗರ್ ಪದರವಾದರೆ ಕೆಳಗಿನದು ಗಟ್ಟಿಯಾಗಿ ಇನ್ನೂ ಬೆಚ್ಚಗೆ ಅಂಟಂಟಾಗಿರುವಾಗಲೇ ಮೇಲಿನದನ್ನು ಹೊಯ್ಯಬೇಕು, ಪೂರ್ತಿ ತಣಿದರೆ ಪದರಗಳು ಜಾರಿ ಬೇರಾಗುತ್ತವೆ.

ಬಣ್ಣ

ಬೀಟ್‌ರೂಟ್ ರಸ 500 ಗ್ರಾಂ ಜೆಲ್ಲಿಗೆ ಎರಡು ಚಮಚ ಸಾಕು. ಹೆಚ್ಚು ಕುದಿಸಿದರೆ ಕಂದಾಗುತ್ತದೆ, ಕೊನೆಗೆ ಹಾಕಿ. ಅದರ ಮಣ್ಣಿನ ವಾಸನೆಯನ್ನು ಕಿತ್ತಳೆ ಅಥವಾ ನಿಂಬೆ ಮುಚ್ಚುತ್ತದೆ. ಕೆಂಪು ಎಲೆಕೋಸಿನ ರಸ ಹುಳಿಯಲ್ಲಿ ಗುಲಾಬಿ, ಹುಳಿಯಿಲ್ಲದಿದ್ದರೆ ನೇರಳೆ. ಪಾಲಕ್ ಹಸಿರು ಹುಳಿ ತಗುಲಿದರೆ ಕಂದುಹಸಿರಾಗುವುದರಿಂದ ಹಾಲಿನ ಪದರಕ್ಕೆ ಮಾತ್ರ ಸರಿ. ಕ್ಯಾರೆಟ್ ಬಣ್ಣ ಬಿಸಿಗೆ ಗಟ್ಟಿಗ, ಬೇಯಿಸಿ ಅರೆದು ಬಳಸಿ. ಅದರ ಕ್ಯಾರೊಟಿನ್ ದೇಹಕ್ಕೆ ಹೀರಿಕೊಳ್ಳಲು ಜೊತೆಗೆ ಸ್ವಲ್ಪ ಕೊಬ್ಬು, ಅಂದರೆ ತೆಂಗಿನ ಹಾಲೋ ಬಾದಾಮಿಯೋ ಇರಲಿ.

ಇಡುವುದು, ಕೊಡುವುದು

ಸಕ್ಕರೆ ಇಳಿಸಿದ ಜೆಲ್ಲಿಗೆ ಜಾಮ್‌ನಂತೆ ಬಾಳಿಕೆ ಇಲ್ಲ. ಮುಚ್ಚಿ ಫ್ರಿಜ್‌ನಲ್ಲಿಟ್ಟು 2–3 ದಿನದಲ್ಲಿ ಮುಗಿಸಿ. ಫ್ರೀಜರ್‌ಗೆ ಬೇಡ, ಹಿಮದ ಹರಳುಗಳು ಅಗರ್ ಜಾಲವನ್ನು ಹರಿದು, ಕರಗಿದಾಗ ನೀರೆಲ್ಲ ಹೊರಬರುತ್ತದೆ.

ಚಿಕ್ಕ ಮಕ್ಕಳಿಗೆ ದುಂಡನೆಯ, ಒಂದೇ ತುತ್ತಿನ ಅಗರ್ ಜೆಲ್ಲಿ ಕೊಡಬೇಡಿ. ಬಾಯಲ್ಲಿ ಕರಗದ ಜೆಲ್ಲಿ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಕೊಂಜಾಕ್ (ಒಂದು ಗೆಡ್ಡೆಯಿಂದ ತೆಗೆಯುವ ಗಟ್ಟಿಗೊಳಿಸುವ ವಸ್ತು) ಹಾಕಿದ ಸಣ್ಣ ಕಪ್ ಜೆಲ್ಲಿಗಳನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿರುವುದು ಈ ಕಾರಣಕ್ಕೇ. ತೆಳ್ಳಗೆ ಕತ್ತರಿಸಿ ಕೊಡಿ, ಬಾದಾಮಿಯಂಥ ಬೀಜಗಳನ್ನು ಇಡಿಯಾಗಿ ಹಾಕುವ ಬದಲು ಪುಡಿ ಮಾಡಿ ಸೇರಿಸಿ.

ಮಾವಿನ ಜೆಲ್ಲಿಯನ್ನು ಅಚ್ಚಿಗೆ ಹೊಯ್ಯುವ ಮುನ್ನ ತಣ್ಣನೆಯ ತಟ್ಟೆಗೆ ಒಂದು ಚಮಚ ಮಿಶ್ರಣ ಹಾಕಿ ಎರಡು ನಿಮಿಷ ಕಾಯಿರಿ. ಸಡಿಲವಾದರೆ ಸ್ವಲ್ಪವೇ ನೀರಿನಲ್ಲಿ ಅರ್ಧ ಗ್ರಾಂ ಅಗರ್ ಬೇರೆಯಾಗಿ ಕುದಿಸಿ ಬೆರೆಸಿ. ತೀರಾ ಗಟ್ಟಿಯಾದರೆ ಬೆಚ್ಚಗಿನ ತಿರುಳು ಎರಡು ಚಮಚ ಹೆಚ್ಚಿಸಿ.