ಲೈಬ್ರರಿಯೇ ಸುಟ್ಟುಹೋದ ಮೇಲೆ ಅಲೆಕ್ಸಾಂಡ್ರಿಯಾದಲ್ಲಿ ನೋಡೋಕೆ ಏನಿದೆ?

ಪ್ರಶ್ನೆ: ಈಜಿಪ್ಟಿಗೆ ಹೊರಟಿದ್ದೇವೆ. ಕೈರೋ, ಲಕ್ಸರ್ ಗೊತ್ತಾಯಿತು. ಅಲೆಕ್ಸಾಂಡ್ರಿಯಾಕ್ಕೂ ಹೋಗಬೇಕಾ? ಎರಡು ಸಾವಿರ ವರ್ಷಕ್ಕೂ ಹಿಂದಿನ ಆ ದೊಡ್ಡ ಲೈಬ್ರರಿ ಸುಟ್ಟುಹೋಯಿತಲ್ಲ, ಇನ್ನು ಅಲ್ಲಿ ಏನಿದೆ?

ಹೋಗಿ. ಒಂದು ರಾತ್ರಿಯಾದರೂ ಉಳಿಯಿರಿ. ಕೈರೋದಿಂದ ಸುಮಾರು 220 ಕಿ.ಮೀ., ರೈಲಿನಲ್ಲಿ ಎರಡೂವರೆ ಮೂರು ಗಂಟೆ. ಬೆಳಿಗ್ಗೆ ಹೋಗಿ ಸಂಜೆಯೇ ವಾಪಸ್ ಹೊರಟರೆ ಈ ಊರು ಕೈಗೆ ಸಿಗುವುದಿಲ್ಲ. ಕಡಲ ಪಕ್ಕದ ಉದ್ದ ರಸ್ತೆ ಕಾರ್ನಿಶ್‌ಗೆ ಜನ ಬರುವುದೇ ಹೊತ್ತು ಮುಳುಗಿದ ಮೇಲೆ. ಸಸ್ಯಾಹಾರಿಗಳಿಗೆ ಫೂಲ್, ಫಲಾಫೆಲ್, ಕೊಶರಿ ಇವೆ. ಡಿಸೆಂಬರ್, ಜನವರಿಯಲ್ಲಿ ಮಳೆ ಗಾಳಿ ಜೋರು, ಬೆಚ್ಚನೆ ಬಟ್ಟೆ ಬೇಕು.

ಇನ್ನು ಆ ಬೆಂಕಿಯ ವಿಷಯ. ಯಾರು ಈ ಊರಿನ ಬಗ್ಗೆ ಕೇಳಿದರೂ ಅದು ಬಂದೇ ಬರುತ್ತದೆ. ಎಷ್ಟು ಸಲ ಹೇಳಿದರೂ ಮತ್ತೆ ಅದೇ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ. ಒಂದೇ ರಾತ್ರಿಯಲ್ಲಿ ಬೆಂಕಿ ಬಿದ್ದು ಜಗತ್ತಿನ ಜ್ಞಾನವೆಲ್ಲ ಬೂದಿಯಾಯಿತು ಅನ್ನುವುದು ಸುಳ್ಳು.

ಕೆಲವರು ಜೂಲಿಯಸ್ ಸೀಸರ್ ಸುಟ್ಟ ಅನ್ನುತ್ತಾರೆ. ಕ್ರಿ.ಪೂ. 48ರಲ್ಲಿ ಅವನು ಬಂದರಿನ ಹಡಗುಗಳಿಗೆ ಬೆಂಕಿ ಇಡಿಸಿದ್ದು ನಿಜ. ಅದು ದಡಕ್ಕೂ ಹಬ್ಬಿ ಪುಸ್ತಕಗಳು ಸುಟ್ಟವು ಎಂದು ಹಳೆಯ ಲೇಖಕರು ಕೆಲವರು ಬರೆದಿದ್ದಾರೆ. ಆದರೆ ಎರಡು ಮೂರು ದಶಕಗಳ ನಂತರ ಗ್ರೀಕ್ ಭೂಗೋಳ ಲೇಖಕ ಸ್ಟ್ರಾಬೋ ಇದೇ ಊರಲ್ಲಿದ್ದ. ಲೈಬ್ರರಿ ಸೇರಿದ್ದ ಮೂಸಿಯಾನ್ ಎಂಬ ವಿದ್ಯಾಸಂಸ್ಥೆಯಲ್ಲಿ ವಿದ್ವಾಂಸರು ಒಟ್ಟಿಗೆ ಕೂತು ಊಟ ಮಾಡುತ್ತಿದ್ದರು ಎಂದು ಬರೆದಿದ್ದಾನೆ. ಆಮೇಲೆ ಬಂದ ರೋಮನ್ ಚಕ್ರವರ್ತಿ ಕ್ಲಾಡಿಯಸ್ ಅದಕ್ಕೆ ಇನ್ನೊಂದು ಭಾಗ ಸೇರಿಸಿದ. ಎಲ್ಲ ಮುಗಿದುಹೋದ ಜಾಗಕ್ಕೆ ಯಾರಾದರೂ ಹೀಗೆ ಖರ್ಚು ಮಾಡುತ್ತಾರಾ?

ಇನ್ನು ಕೆಲವರದು ಖಲೀಫ ಉಮರ್ ಕಥೆ. ಪುಸ್ತಕಗಳನ್ನು ಸ್ನಾನದ ಮನೆಗಳ ಒಲೆಗೆ ಹಾಕಿ ಆರು ತಿಂಗಳು ನೀರು ಕಾಯಿಸಿದರಂತೆ. ಅರಬರು ಊರು ಹಿಡಿದದ್ದು 642ರ ಹೊತ್ತಿಗೆ. ಈ ಕಥೆ ಬರಹದಲ್ಲಿ ಸಿಗುವುದು ಅದಾಗಿ ಸುಮಾರು 600 ವರ್ಷದ ನಂತರ. ನಡುವೆ ಆ ನೆಲದ ಬಗ್ಗೆ ಬರೆದವರು ಬೇಕಾದಷ್ಟು ಜನ, ಯಾರೂ ಈ ಮಾತು ಎತ್ತಿಲ್ಲ.

ಹಾಗಾದರೆ ಪುಸ್ತಕಗಳು ಎಲ್ಲಿ ಹೋದವು? ನಿಧಾನಕ್ಕೆ ಹೋದವು. ಕ್ರಿ.ಪೂ. 145ರ ಸುಮಾರಿಗೆ ರಾಜ ಎಂಟನೇ ಟಾಲೆಮಿ ವಿದ್ವಾಂಸರನ್ನೇ ಊರು ಬಿಡಿಸಿದ. ಕ್ರಿ.ಶ. 270ರ ದಶಕದ ಯುದ್ಧದಲ್ಲಿ ಲೈಬ್ರರಿ ಇದ್ದ ಅರಮನೆಯ ಬಡಾವಣೆ ಹಾಳಾಯಿತು. 391ರ ಸುಮಾರಿಗೆ, ಒಂದು ಕಾಲಕ್ಕೆ ಲೈಬ್ರರಿಯ ಶಾಖೆ ಇದ್ದ ಸೆರಾಪಿಯಂ ದೇವಾಲಯ ಬಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಆಗಿನ ಪುಸ್ತಕಗಳೆಂದರೆ ಪಪೈರಸ್ ಎಂಬ ಜೊಂಡಿನ ಕಾಗದದ ಸುರುಳಿಗಳು, ಅವು ಕಡಲ ತೇವದಲ್ಲಿ ಬಾಳುವುದಿಲ್ಲ. ಮತ್ತೆ ಮತ್ತೆ ಪ್ರತಿ ಮಾಡಿಸುತ್ತಲೇ ಇರಬೇಕು. ಪ್ರತಿ ಮಾಡುವವರಿಗೆ ಸಂಬಳ ನಿಂತರೆ ಬೆಂಕಿಯೇ ಬೇಕಿಲ್ಲ. ಈಜಿಪ್ಟಿನ ಒಣ ಮರಳಿನ ಊರುಗಳಲ್ಲಿ ಪಪೈರಸ್ ಸಾವಿರಗಟ್ಟಲೆ ಸಿಕ್ಕಿವೆ, ಅಲೆಕ್ಸಾಂಡ್ರಿಯಾದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಆದ್ದರಿಂದ ಮೊದಲು ಊರೊಳಗಿನ ಹಳೆಯ ಅವಶೇಷಗಳ ಜಾಗ ಕೋಮ್ ಎಲ್-ದಿಕ್ಕಾಕ್ಕೆ ಹೋಗಿ. ಎಲ್ಲರೂ ಅಲ್ಲಿನ ರೋಮನ್ ರಂಗಮಂದಿರದ ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ಪಕ್ಕದಲ್ಲಿರುವ ಪಾಠದ ಕೋಣೆಗಳನ್ನು ನೋಡಿ. ಪೋಲೆಂಡಿನ ಸಂಶೋಧಕರು ಇಪ್ಪತ್ತಕ್ಕೂ ಹೆಚ್ಚು ಕೋಣೆ ಅಗೆದು ತೆಗೆದಿದ್ದಾರೆ. ಗೋಡೆಗುಂಟ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಬೆಂಚು, ಕೆಲವದರಲ್ಲಿ ಗುರುಗಳಿಗೆ ಎತ್ತರದ ಪೀಠ. ಐದರಿಂದ ಏಳನೇ ಶತಮಾನದವು. ಅಂದರೆ ಸೀಸರ್ ಹೋಗಿ 500 ವರ್ಷ ಕಳೆದ ಮೇಲೂ ಇಲ್ಲಿ ತರಗತಿ ನಡೆಯುತ್ತಿತ್ತು! ಇಡೀ ಊರಿನಲ್ಲಿ ನನಗೆ ಇದಕ್ಕಿಂತ ದೊಡ್ಡ ಜಾಗ ಇಲ್ಲ.

ಆಮೇಲೆ ಕೈತ್‌ಬೇ ಕೋಟೆ, ಹಳೆಯ ದೀಪಸ್ತಂಭ ಇದ್ದ ಜಾಗ ಅದು. 2002ರಲ್ಲಿ ತೆರೆದ ಹೊಸ ಲೈಬ್ರರಿ. ಪಾಂಪೆಯ ಕಂಬವನ್ನೂ ನೋಡಿ, ಅದು ನಿಲ್ಲಿಸಿದ್ದು ರೋಮನ್ ಸೇನಾಪತಿ ಪಾಂಪೆಗಲ್ಲ, ಡಯೊಕ್ಲೀಷಿಯನ್ ಚಕ್ರವರ್ತಿಗೆ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಮ್ಮ ಕಡೆಯ ಸರಕು ಈ ಬಂದರಿಗೆ ಬರುತ್ತಿತ್ತು. ಎರಡನೇ ಶತಮಾನದ ಒಂದು ಪಪೈರಸ್ ಈಗ ವಿಯೆನ್ನಾದಲ್ಲಿದೆ. ಕೇರಳದ ಮುಜಿರಿಸ್ ಬಂದರಿಗೆ ಹೋಗಿಬರುವ ವ್ಯಾಪಾರಕ್ಕೆ ಕೊಟ್ಟ ಸಾಲದ ಕರಾರು ಅದರಲ್ಲಿದೆ. ಸರಕನ್ನು ಕೆಂಪು ಸಮುದ್ರದ ದಡದಲ್ಲಿ ಇಳಿಸಿ, ಮರಳುಗಾಡಿನಲ್ಲಿ ಒಂಟೆ ಮೇಲೆ ಹೇರಿ, ನೈಲ್ ನದಿಯಲ್ಲಿ ದೋಣಿಯಿಂದ ಅಲೆಕ್ಸಾಂಡ್ರಿಯಾಕ್ಕೆ ತರಬೇಕು. ಅಲ್ಲಿ ಸರ್ಕಾರದ ಗೋದಾಮಿನಲ್ಲಿಟ್ಟು ಸುಂಕ ಕಟ್ಟಬೇಕು. ಸುಂಕ ನಾಲ್ಕನೇ ಒಂದು ಭಾಗ.