ಹೋಲ್ಡಿಂಗ್ ಕಂಪನಿಯ ಲೆಕ್ಕ: ಷೇರು ಕೊಂಡ ತಾರೀಖು ಯಾಕೆ ಅಷ್ಟು ಮುಖ್ಯ

ಸಿಎ ಇಂಟರ್ ಓದುತ್ತಿರುವವರಿಗೆ, ಶಿರಸಿ, ಕುಮಟಾ, ಕಾರವಾರದ ಕಡೆ ಆಡಿಟ್ ಆಫೀಸುಗಳಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿರುವವರಿಗೆ ಈ ಟಿಪ್ಪಣಿ. ಡೆಬಿಟ್ ಕ್ರೆಡಿಟ್, ಷೆಡ್ಯೂಲ್ 3ರ ನಮೂನೆ ಇದೆಲ್ಲ ಗೊತ್ತಿದೆ ಎಂದೇ ಹಿಡಿದಿದ್ದೇನೆ. ಅದನ್ನು ಮತ್ತೆ ಬರೆಯುವುದಿಲ್ಲ.

ಉದಾಹರಣೆಗೆ ಒಂದು ಕಲ್ಪಿತ ಗುಂಪು ಇಟ್ಟುಕೊಳ್ಳೋಣ. ಶಿರಸಿಯ ಒಂದು ಮನೆತನ. ಮೊದಲಿನಿಂದಲೂ ಅಡಿಕೆ ವ್ಯಾಪಾರದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ. ಅದರ ಷೇರುಗಳನ್ನೆಲ್ಲ ಒಂದು ಹೋಲ್ಡಿಂಗ್ ಕಂಪನಿ (ಬೇರೆ ಕಂಪನಿಯ ಷೇರು ಹಿಡಿದು ಅದನ್ನು ನಿಯಂತ್ರಿಸುವ ಕಂಪನಿ) ಇಟ್ಟುಕೊಂಡಿದೆ. ಆಮೇಲೆ ಆ ಹೋಲ್ಡಿಂಗ್ ಕಂಪನಿ ಕಾರವಾರದಲ್ಲಿ ಐಸ್ ಪ್ಲಾಂಟ್ ನಡೆಸುವ ಇನ್ನೊಂದು ಕಂಪನಿಯ ಶೇಕಡಾ 80ರಷ್ಟು ಷೇರು ಕೊಂಡಿತು. ಹೋಲ್ಡಿಂಗ್ ಕಂಪನಿಗೆ ಸ್ವಂತ ವ್ಯಾಪಾರ ಏನೂ ಇಲ್ಲ. ಒಂದು ಬ್ಯಾಂಕ್ ಖಾತೆ, ಒಂದಷ್ಟು ಷೇರು, ವರ್ಷಕ್ಕೊಮ್ಮೆ ಡಿವಿಡೆಂಡ್, ಅಷ್ಟೇ.

ಎರಡು ತರಹದ ‘ಸಣ್ಣ’

ಇಷ್ಟು ಚಿಕ್ಕದು, ಇದಕ್ಕೆ ರಿಯಾಯಿತಿ ಜಾಸ್ತಿ ಇರಬೇಕು ಅಂತ ಅನಿಸುತ್ತದೆ ಅಲ್ವಾ? ಕಂಪನಿ ಕಾಯ್ದೆ 2013ರ ಸೆಕ್ಷನ್ 2(85) ತೆಗೆದು ನೋಡಿ. ಸಣ್ಣ ಕಂಪನಿ ಯಾವುದು ಎಂದು ಬಂಡವಾಳ, ವಹಿವಾಟಿನ ಮಿತಿ ಹೇಳಿ, ಕೊನೆಗೆ ಒಂದು ಷರತ್ತು ಹಾಕಿದ್ದಾರೆ. ಹೋಲ್ಡಿಂಗ್ ಕಂಪನಿಗೂ ಅದರ ಹಿಡಿತದಲ್ಲಿರುವ ಸಬ್ಸಿಡಿಯರಿ ಕಂಪನಿಗೂ ಇದು ಅನ್ವಯಿಸುವುದಿಲ್ಲ. ಅಂದರೆ ಮಿತಿ ಎಷ್ಟೇ ಇರಲಿ, ನಮ್ಮ ಗುಂಪಿನ ಮೂರೂ ಕಂಪನಿಗಳು ಕಾಯ್ದೆಯ ಲೆಕ್ಕದಲ್ಲಿ ಸಣ್ಣವಲ್ಲ. ಇದರ ಮೊದಲ ಪರಿಣಾಮ: ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ಮಾಡಲೇಬೇಕು. ಸೆಕ್ಷನ್ 2(40)ರ ವಿನಾಯಿತಿ ಸಣ್ಣ ಕಂಪನಿಗಿದೆ, ಇವುಗಳಿಗಿಲ್ಲ. ಅಡಿಕೆ ಕಂಪನಿ ಇಷ್ಟು ವರ್ಷ ಅದನ್ನು ಮಾಡದೇ ಬಂದಿದ್ದರೂ, ಹೋಲ್ಡಿಂಗ್ ಕಂಪನಿ ಮೇಲೆ ಬಂದು ಕೂತ ಮೇಲೆ ಮಾಡಬೇಕು.

ಆದರೆ ಅಕೌಂಟಿಂಗ್ ಸ್ಟ್ಯಾಂಡರ್ಡ್ಸ್ ನಿಯಮಗಳು 2021ರಲ್ಲಿ ಬೇರೆಯೇ ಒಂದು ಗುಂಪಿದೆ, ಎಸ್‌ಎಂಸಿ, ಅಂದರೆ ಸಣ್ಣ ಮತ್ತು ಮಧ್ಯಮ ಗಾತ್ರದ ಕಂಪನಿ. ಷೇರು ಮಾರುಕಟ್ಟೆಯಲ್ಲಿ ಲಿಸ್ಟ್ ಆಗಿರಬಾರದು, ಬ್ಯಾಂಕ್, ಹಣಕಾಸು ಸಂಸ್ಥೆ, ವಿಮೆ ಕಂಪನಿ ಆಗಿರಬಾರದು, ಹಿಂದಿನ ವರ್ಷದ ವಹಿವಾಟು 250 ಕೋಟಿ ಮೀರಿರಬಾರದು, ಆ ವರ್ಷದಲ್ಲಿ ಯಾವಾಗಲೂ ಸಾಲ 50 ಕೋಟಿ ದಾಟಿರಬಾರದು. ಇಲ್ಲಿ ಹೋಲ್ಡಿಂಗ್ ಆಗಿದ್ದಕ್ಕೇ ಹೊರಗೆ ಹಾಕುವುದಿಲ್ಲ. ಎಸ್‌ಎಂಸಿ ಅಲ್ಲದ ಕಂಪನಿಯ ಹೋಲ್ಡಿಂಗೋ ಸಬ್ಸಿಡಿಯರಿಯೋ ಆಗಿದ್ದರೆ ಮಾತ್ರ ಹೊರಗೆ. ನಮ್ಮ ಮೂರೂ ಕಂಪನಿ ಮಿತಿಯೊಳಗೇ ಇರುವುದರಿಂದ ಮೂರೂ ಎಸ್‌ಎಂಸಿ. ಸೆಗ್ಮೆಂಟ್ (ವ್ಯಾಪಾರದ ವಿಭಾಗವಾರು) ವರದಿ ಬೇಡ, ಗ್ರಾಚುಟಿ ಲೆಕ್ಕದ ವಿವರಗಳಲ್ಲಿ ರಿಯಾಯಿತಿ ಉಂಟು.

ಹೀಗಾಗಿ ಒಂದೇ ಕಂಪನಿ ಕಾಯ್ದೆಗೆ ಸಣ್ಣದಲ್ಲ, ಸ್ಟ್ಯಾಂಡರ್ಡಿಗೆ ಸಣ್ಣದು. ಪರೀಕ್ಷೆಯಲ್ಲಿ ಯಾವ ಪ್ರಶ್ನೆಗೆ ಯಾವ ಸಣ್ಣ ಎಂದು ಮೊದಲು ಕೇಳಿಕೊಳ್ಳಿ. ಕ್ಯಾಶ್ ಫ್ಲೋ ಅಂದರೆ ಕಾಯ್ದೆ. ಸೆಗ್ಮೆಂಟ್ ಅಂದರೆ ನಿಯಮ.

ಪಾಲಿಸಿ ನೋಟ್

ಎಎಸ್ 1 (ಅಕೌಂಟಿಂಗ್ ಸ್ಟ್ಯಾಂಡರ್ಡ್ 1) ಕೇಳುವುದು ಲೆಕ್ಕ ಬರೆಯುವ ಮುಖ್ಯವಾದ ಪಾಲಿಸಿಗಳನ್ನು ಒಂದೇ ಕಡೆ ಹೇಳಿ ಎಂದು. ಗೋಯಿಂಗ್ ಕನ್ಸರ್ನ್, ಕನ್ಸಿಸ್ಟೆನ್ಸಿ, ಅಕ್ರೂಯಲ್ ಈ ಮೂರನ್ನು ಪಾಲಿಸಿದ್ದರೆ ಪ್ರತ್ಯೇಕವಾಗಿ ಬರೆಯುವ ಅಗತ್ಯವೇ ಇಲ್ಲ. ಬಿಟ್ಟಿದ್ದರೆ ಬರೆಯಬೇಕು. ಎಸ್‌ಎಂಸಿ ಆಗಿದ್ದೇವೆ, ಎಸ್‌ಎಂಸಿಗೆ ಅನ್ವಯಿಸುವಷ್ಟು ಸ್ಟ್ಯಾಂಡರ್ಡ್ ಪಾಲಿಸಿದ್ದೇವೆ ಎಂಬ ಒಂದು ಸಾಲು ಮಾತ್ರ ಬಿಡಬಾರದು.

ಹಳೇ ಫೈಲಿನಿಂದ ನಕಲು ಮಾಡಿದ ನೋಟ್‌ಗಳಲ್ಲಿ ವಿದೇಶಿ ವಿನಿಮಯ, ನಿರ್ಮಾಣ ಗುತ್ತಿಗೆ, ಏನೇನೋ ಇರುತ್ತದೆ. ಸುಮ್ನೆ ತೆಗೆದು ಹಾಕಿ. ನಮ್ಮ ಹೋಲ್ಡಿಂಗ್ ಕಂಪನಿಗೆ ಬೇಕಾದದ್ದು ಮುಖ್ಯವಾಗಿ ಎರಡು. ಹೂಡಿಕೆ: ಎಎಸ್ 13ರ ಪ್ರಕಾರ ದೀರ್ಘಾವಧಿ ಹೂಡಿಕೆ ಕೊಂಡ ಬೆಲೆಯಲ್ಲೇ ಇರುತ್ತದೆ, ತಾತ್ಕಾಲಿಕವಲ್ಲದ ಕುಸಿತ ಬಂದಿದ್ದರೆ ಮಾತ್ರ ಇಳಿಸಬೇಕು. ಡಿವಿಡೆಂಡ್: ಅದನ್ನು ಪಡೆಯುವ ಹಕ್ಕು ಖಚಿತವಾದ ದಿನ ಆದಾಯ. ಸಬ್ಸಿಡಿಯರಿಯ ಬೋರ್ಡು ಮೇ ತಿಂಗಳಲ್ಲಿ ‘ಕೊಡೋಣ’ ಎಂದು ಶಿಫಾರಸು ಮಾಡಿದ ಮಾತ್ರಕ್ಕೆ ಮಾರ್ಚ್ 31ರ ಆದಾಯ ಆಗುವುದಿಲ್ಲ.

‘ತಾತ್ಕಾಲಿಕವಲ್ಲದ’ ಎಂಬುದಕ್ಕೆ ಕರಾವಳಿಯೇ ಒಳ್ಳೆ ಉದಾಹರಣೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟುಗಳು ಕಟ್ಟಿ ನಿಂತಾಗ ಐಸ್ ಯಾರಿಗೆ ಬೇಕು? ಆ ಎರಡು ತಿಂಗಳ ನಷ್ಟ ನೋಡಿ ಹೂಡಿಕೆಯ ಬೆಲೆ ಇಳಿಸುವ ಹಾಗಿಲ್ಲ. ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ಹೋಗುತ್ತದೆ.

ಕನ್ಸಾಲಿಡೇಶನ್, ಅದರಲ್ಲೂ ತಾರೀಖಿನ ಗಂಟು

ಸೆಕ್ಷನ್ 129(3) ಪ್ರಕಾರ ಸಬ್ಸಿಡಿಯರಿ ಇದ್ದರೆ ಕನ್ಸಾಲಿಡೇಟೆಡ್ ಲೆಕ್ಕ, ಅಂದರೆ ಇಡೀ ಗುಂಪು ಒಂದೇ ಕಂಪನಿ ಎಂಬಂತೆ ಸೇರಿಸಿದ ಲೆಕ್ಕ, ಬೇಕು. ಗಾತ್ರ ನೋಡಿ ಕೊಟ್ಟ ವಿನಾಯಿತಿ ಇಲ್ಲ. ಅಕೌಂಟ್ಸ್ ನಿಯಮ 6ರ ವಿನಾಯಿತಿ ಇರುವುದು ತನ್ನ ಮೇಲೆ ಇನ್ನೊಂದು ಹೋಲ್ಡಿಂಗ್ ಕಂಪನಿ ಇರುವವರಿಗೆ. ನಮ್ಮದು ತುತ್ತತುದಿಯಲ್ಲಿದೆ.

ಈಗ ಅಂಕಿ. ಐಸ್ ಪ್ಲಾಂಟಿನ ಷೇರು ಬಂಡವಾಳ 50 ಲಕ್ಷ. ಏಪ್ರಿಲ್ 1ಕ್ಕೆ ರಿಸರ್ವ್ 10 ಲಕ್ಷ. ಆ ವರ್ಷದ ಲಾಭ 12 ಲಕ್ಷ. ಹೋಲ್ಡಿಂಗ್ ಕಂಪನಿ ಆಗಸ್ಟ್ 1ರಂದು 56 ಲಕ್ಷ ಕೊಟ್ಟು ಶೇಕಡಾ 80 ಕೊಂಡಿತು.

ಎಎಸ್ 21 ಹೇಳುವುದು ಇಷ್ಟೇ: ಹೂಡಿಕೆ ಮಾಡಿದ ದಿನ ಸಬ್ಸಿಡಿಯರಿಯ ಇಕ್ವಿಟಿ (ಷೇರು ಬಂಡವಾಳ, ರಿಸರ್ವ್ ಸೇರಿ) ಎಷ್ಟಿತ್ತು ನೋಡು, ಅದರಲ್ಲಿ ನಿನ್ನ ಪಾಲನ್ನು ಕೊಟ್ಟ ಬೆಲೆಯ ಪಕ್ಕ ಇಡು. ಜಾಸ್ತಿ ಕೊಟ್ಟಿದ್ದರೆ ಗುಡ್‌ವಿಲ್, ಕಡಿಮೆ ಕೊಟ್ಟಿದ್ದರೆ ಕ್ಯಾಪಿಟಲ್ ರಿಸರ್ವ್. ಆ ದಿನದ ಹಿಂದಿನ ಲಾಭ ನಾವು ದುಡ್ಡು ಕೊಟ್ಟು ಕೊಂಡದ್ದು. ಮುಂದಿನದ್ದು ನಾವು ಗಳಿಸಿದ್ದು. ಹಿಂದಿನದ್ದು ಗುಂಪಿನ ಲಾಭವಾಗಿ ಎಲ್ಲೂ ಕಾಣಬಾರದು.

ಪರೀಕ್ಷೆಯಲ್ಲಿ ‘ಲಾಭ ವರ್ಷವಿಡೀ ಸಮವಾಗಿ ಬಂದಿದೆ’ ಎಂದು ಕೊಟ್ಟಿರುತ್ತಾರೆ. ಹಾಗಿದ್ದರೆ ಏಪ್ರಿಲ್‌ನಿಂದ ಜುಲೈವರೆಗಿನ ನಾಲ್ಕು ತಿಂಗಳಿಗೆ 4 ಲಕ್ಷ. ಆಗಸ್ಟ್ 1ರ ಇಕ್ವಿಟಿ 50 + 10 + 4 = 64 ಲಕ್ಷ. ಶೇಕಡಾ 80 ಅಂದರೆ 51.2 ಲಕ್ಷ. ಗುಡ್‌ವಿಲ್ 4.8 ಲಕ್ಷ. ಉಳಿದ 8 ಲಕ್ಷದಲ್ಲಿ ನಮ್ಮ ಪಾಲು 6.4 ಲಕ್ಷ ಕನ್ಸಾಲಿಡೇಟೆಡ್ ರಿಸರ್ವ್‌ಗೆ.

ಆದರೆ ನಿಜವಾದ ಐಸ್ ಪ್ಲಾಂಟ್ ಹಾಗೆ ದುಡಿಯುತ್ತದೆಯೇ? ಏಪ್ರಿಲ್, ಮೇನಲ್ಲಿ 3 ಲಕ್ಷ ಲಾಭ ಎನ್ನಿ. ಜೂನ್, ಜುಲೈನಲ್ಲಿ ಮಾರಾಟ ಹೆಚ್ಚು ಕಡಿಮೆ ಸೊನ್ನೆ. ಹಾಗಂತ ಕರೆಂಟಿನ ಫಿಕ್ಸೆಡ್ ಚಾರ್ಜ್ ನಿಲ್ಲುವುದಿಲ್ಲ, ಆಪರೇಟರ್ ಸಂಬಳ ನಿಲ್ಲುವುದಿಲ್ಲ, ಕಂಪ್ರೆಸರ್ ಬಿಚ್ಚಿ ರಿಪೇರಿ ಮಾಡಿಸುವುದೂ ಇದೇ ಬಿಡುವಿನಲ್ಲಿ. 2 ಲಕ್ಷ ನಷ್ಟ ಎಂದಿಟ್ಟುಕೊಳ್ಳಿ. ನಾಲ್ಕು ತಿಂಗಳ ನಿವ್ವಳ ಲಾಭ ಬರೀ 1 ಲಕ್ಷ. ಈಗ ಆಗಸ್ಟ್ 1ರ ಇಕ್ವಿಟಿ 61 ಲಕ್ಷ, ನಮ್ಮ ಪಾಲು 48.8, ಗುಡ್‌ವಿಲ್ 7.2 ಲಕ್ಷ. ಕೊಂಡ ಮೇಲಿನ ಲಾಭ 11 ಲಕ್ಷ, ನಮ್ಮ ಪಾಲು 8.8.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಗುಡ್‌ವಿಲ್ 2.4 ಲಕ್ಷ ಏರಿತು, ರಿಸರ್ವ್ ಕೂಡ 2.4 ಲಕ್ಷ ಏರಿತು. ಬ್ಯಾಲೆನ್ಸ್ ಶೀಟ್ ಎರಡೂ ಸಲ ತಾಳೆಯಾಗುತ್ತದೆ. ಅದಕ್ಕೇ ಇದು ಅಪಾಯ: ತಿಂಗಳ ಲೆಕ್ಕಕ್ಕೆ ಭಾಗ ಮಾಡಿದ್ದು ತಪ್ಪು ಎಂದು ಟೋಟಲ್ ಯಾವತ್ತೂ ಹೇಳಿಕೊಡುವುದಿಲ್ಲ. ನನ್ನ ಮಟ್ಟಿಗೆ ಇಡೀ ಅಧ್ಯಾಯದ ತಿರುಳು ಇದೇ. ಕರಾವಳಿಯ ಸೀಸನ್ ವ್ಯಾಪಾರಕ್ಕೆ ಹನ್ನೆರಡರಿಂದ ಭಾಗಿಸುವ ಪದ್ಧತಿ ಹೊಂದುವುದೇ ಇಲ್ಲ. ಆಫೀಸಿನಲ್ಲಿ ಇಂಥ ಕೆಲಸ ಬಂದರೆ ಜುಲೈ 31ರ ಟ್ರಯಲ್ ಬ್ಯಾಲೆನ್ಸ್ ಮೊದಲು ಕೇಳಿ. ಆ ದಿನದ ಲೆಕ್ಕ ಮಾಡಲು ಸಾಧ್ಯವೇ ಇಲ್ಲ ಎಂದಾದರೆ ಹಿಂದಿನ ಅವಧಿಯ ಲೆಕ್ಕವನ್ನೇ ತೆಗೆದುಕೊಂಡು, ನಡುವೆ ನಡೆದ ದೊಡ್ಡ ವ್ಯವಹಾರಗಳಿಗೆ ಸರಿಹೊಂದಿಸಲು ಸ್ಟ್ಯಾಂಡರ್ಡೇ ದಾರಿ ಕೊಟ್ಟಿದೆ.

ನನ್ನ ಇಷ್ಟದ ಶಾರ್ಟ್‌ಕಟ್: ಮೈನಾರಿಟಿ ಇಂಟರೆಸ್ಟ್ ಮೊದಲು ಮುಗಿಸಿ. ಉಳಿದ ಶೇಕಡಾ 20 ಇಟ್ಟುಕೊಂಡವರಿಗೆ ನಾವು ಯಾವಾಗ ಬಂದೆವು ಎಂಬುದು ಸಂಬಂಧವೇ ಇಲ್ಲ. ಮಾರ್ಚ್ 31ರ ಇಕ್ವಿಟಿ 72 ಲಕ್ಷದ ಶೇಕಡಾ 20, ಅಂದರೆ 14.4 ಲಕ್ಷ. ಮೇಲಿನ ಎರಡೂ ಲೆಕ್ಕದಲ್ಲಿ ಇದು ಬದಲಾಗಲಿಲ್ಲ, ಗಮನಿಸಿ.

ಇನ್ನು ಡಿವಿಡೆಂಡ್. ಅದೇ ಸೆಪ್ಟೆಂಬರಿನ ವಾರ್ಷಿಕ ಸಭೆಯಲ್ಲಿ ಐಸ್ ಪ್ಲಾಂಟ್ ಹಿಂದಿನ ವರ್ಷದ ಲಾಭದಿಂದ 5 ಲಕ್ಷ ಡಿವಿಡೆಂಡ್ ಘೋಷಿಸಿತು. ನಮಗೆ 4 ಲಕ್ಷ ಬಂತು. ಬಂದದ್ದು ನಾವು ಕೊಂಡ ಮೇಲೆ, ಹುಟ್ಟಿದ್ದು ಕೊಳ್ಳುವ ಮೊದಲು. ಹೋಲ್ಡಿಂಗ್ ಕಂಪನಿಯ ಪುಸ್ತಕದಲ್ಲಿ ಇದು ಆದಾಯವಲ್ಲ, ಕೊಟ್ಟ ಬೆಲೆಯಲ್ಲೇ ಸ್ವಲ್ಪ ವಾಪಸ್ ಬಂದದ್ದು. ಬ್ಯಾಂಕ್ ಡೆಬಿಟ್, ಹೂಡಿಕೆ ಕ್ರೆಡಿಟ್. ಹೂಡಿಕೆ 52 ಲಕ್ಷಕ್ಕೆ ಇಳಿಯುತ್ತದೆ. ಸರಿಯಾಯಿತೇ ಎಂದು ತಿಳಿಯಲು ಗುಡ್‌ವಿಲ್ ಮತ್ತೆ ಹಾಕಿ: ಇಕ್ವಿಟಿ 61ರಲ್ಲಿ 5 ಹೋಗಿ 56, ನಮ್ಮ ಪಾಲು 44.8, 52ರಲ್ಲಿ ಕಳೆದರೆ ಅದೇ 7.2. ಗುಡ್‌ವಿಲ್ ಅಲ್ಲಾಡಿದರೆ ಡಿವಿಡೆಂಡ್ ಎಲ್ಲೋ ಆದಾಯಕ್ಕೆ ಹೋಗಿದೆ ಎಂದೇ ಅರ್ಥ. ಮೈನಾರಿಟಿ ಮಾತ್ರ 67 ಲಕ್ಷದ ಶೇಕಡಾ 20, 13.4 ಆಗುತ್ತದೆ, ಅವರ ಪಾಲಿನ 1 ಲಕ್ಷ ಅವರ ಕೈಗೆ ಹೋಯಿತಲ್ಲ.

ಉಳಿದವು ಚುರುಕಾಗಿ

ಗುಂಪಿನೊಳಗಿನ ಸಾಲ, ಬಡ್ಡಿ, ಬಾಡಿಗೆ ಎರಡೂ ಕಡೆಯಿಂದ ತೆಗೆಯಿರಿ. ಪಾಲಿಸಿಗಳು ಒಂದೇ ಇರಬೇಕು ಎಂದು ಸ್ಟ್ಯಾಂಡರ್ಡ್ ಹೇಳುವುದು ಒಂದೇ ತರಹದ ವ್ಯವಹಾರಗಳಿಗೆ. ಚಾಲಿ ಅಡಿಕೆ ದಾಸ್ತಾನಿಗೆ ವೇಟೆಡ್ ಆವರೇಜ್, ಐಸ್ ಪ್ಲಾಂಟಿನ ಡೀಸೆಲ್ಲಿಗೆ ಫೈಫೋ (ಮೊದಲು ಬಂದದ್ದು ಮೊದಲು ಖರ್ಚು ಎಂಬ ಲೆಕ್ಕ) ಇದ್ದರೆ ಎಳೆದಾಡಿ ಒಂದು ಮಾಡಬೇಕಿಲ್ಲ.

ಆಸ್ತಿಯ ಅರ್ಧಕ್ಕಿಂತ ಹೆಚ್ಚು ಹಣಕಾಸು ಆಸ್ತಿ, ಆದಾಯದ ಅರ್ಧಕ್ಕಿಂತ ಹೆಚ್ಚು ಅದರಿಂದಲೇ ಬಂದರೆ ರಿಸರ್ವ್ ಬ್ಯಾಂಕಿನ ಎನ್‌ಬಿಎಫ್‌ಸಿ (ಬ್ಯಾಂಕೇತರ ಹಣಕಾಸು ಕಂಪನಿ) ಪ್ರಶ್ನೆ ಏಳುತ್ತದೆ. ಹೋಲ್ಡಿಂಗ್ ಕಂಪನಿಯಲ್ಲಿ ಇದು ಸಹಜವಾಗಿಯೇ ಬರುವುದರಿಂದ ಪ್ರತಿ ವರ್ಷ ಹಾಳೆಯ ಮೇಲೆ ಲೆಕ್ಕ ಹಾಕಿ ಫೈಲಿನಲ್ಲಿಡಿ.

ವಾರ್ಷಿಕ ಸಭೆಗೆ ಕೊನೇ ದಿನ ಸೆಪ್ಟೆಂಬರ್ 30. ಸಭೆಯಾದ 30 ದಿನದೊಳಗೆ ಎಒಸಿ-4 (ಲೆಕ್ಕಪತ್ರ ಸಲ್ಲಿಸುವ ಫಾರ್ಮ್), ಜೊತೆಗೆ ಕನ್ಸಾಲಿಡೇಟೆಡ್ ಲೆಕ್ಕಕ್ಕೆ ಅದರದ್ದೇ ಫಾರ್ಮ್. ಪ್ರತಿ ಸಬ್ಸಿಡಿಯರಿಯ ಮುಖ್ಯ ಅಂಕಿಗಳು ಎಒಸಿ-1ರಲ್ಲಿ. ಅದರಲ್ಲಿ ಹಾಕುವುದು ಸಬ್ಸಿಡಿಯರಿಯ ಪೂರ್ತಿ ಅಂಕಿ, ನಮ್ಮ ಶೇಕಡಾ 80 ಅಲ್ಲ. ಪಾಲು ಎಷ್ಟು ಎಂಬುದಕ್ಕೆ ಅಲ್ಲೇ ಬೇರೆ ಸಾಲು ಇದೆ.