ದಾಖಲೆಗೆ ನಿಶಾನೆ ಬೀಳುವ ಮುನ್ನ: ಸಿವಿಲ್ ದಾವೆಯ ದಸ್ತಾವೇಜುಗಳ ಕುರಿತು ಅಧ್ಯಯನ ಟಿಪ್ಪಣಿ

ದಾಖಲೆಯೊಂದನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವುದು, ಅದಕ್ಕೆ ನಿಶಾನೆ ಬೀಳುವುದು (ನ್ಯಾಯಾಲಯ ಅದನ್ನು ಸಾಕ್ಷ್ಯವಾಗಿ ಗುರುತಿಸಿ ಸಂಖ್ಯೆ ಕೊಡುವುದು) ಮತ್ತು ಅದು ರುಜುವಾತಾಗುವುದು ಮೂರು ಬೇರೆ ಬೇರೆ ಘಟ್ಟಗಳು. ಈ ವಿಷಯದಲ್ಲಿ ವಿದ್ಯಾರ್ಥಿಗಳೂ ಹೊಸ ವಕೀಲರೂ ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಈ ಮೂರನ್ನೂ ಒಂದೇ ಎಂದು ಭಾವಿಸುವುದರಿಂದ ಹುಟ್ಟುತ್ತವೆ. ಆದ್ದರಿಂದ ಕರ್ನಾಟಕದ ಸಿವಿಲ್ ನ್ಯಾಯಾಲಯಗಳಲ್ಲಿ ಪದೇ ಪದೇ ಎದುರಾಗುವ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳೋಣ. ನಿವೇಶನವೊಂದರ ಕ್ರಯದ ಕರಾರು ನೋಂದಣಿಯಾಗಿಲ್ಲ. ಅದನ್ನು 200 ರೂಪಾಯಿ ಛಾಪಾ ಕಾಗದದ ಮೇಲೆ ಬರೆಯಲಾಗಿದೆ. ಸ್ವಾಧೀನವನ್ನು ಈಗಾಗಲೇ ಬಿಟ್ಟುಕೊಡಲಾಗಿದೆ ಎಂಬ ಮಾತೂ ಅದರಲ್ಲಿದೆ. ಕರಾರಿನಂತೆ ಕ್ರಯಪತ್ರ ಮಾಡಿಸಿಕೊಡಬೇಕೆಂದು ವಾದಿ ದಾವೆ ಹೂಡಿದ್ದಾನೆ.

ಮೊದಲು ಹಾಜರುಪಡಿಸುವ ಘಟ್ಟ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7, ನಿಯಮ 14ರ ಪ್ರಕಾರ ವಾದಿಯು ತಾನು ಆಧರಿಸುವ ದಾಖಲೆಗಳನ್ನು ಪಟ್ಟಿಯೊಂದಿಗೆ ವಾದಪತ್ರದ ಜೊತೆಯಲ್ಲೇ ಕೊಡಬೇಕು; ಪ್ರತಿವಾದಿಗೆ ಇದೇ ಹೊಣೆಯನ್ನು ಆದೇಶ 8, ನಿಯಮ 1ಎ ಹೊರಿಸುತ್ತದೆ. ಆಗ ಕೊಡದ ದಾಖಲೆಯನ್ನು ಮುಂದೆ ಹಾಜರುಪಡಿಸಲು ನ್ಯಾಯಾಲಯದ ಅನುಮತಿ ಬೇಕು. ಅದಕ್ಕೆ ಮಧ್ಯಂತರ ಅರ್ಜಿ ಹಾಕಿ, ವಿಳಂಬಕ್ಕೆ ಕಾರಣವನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ವಿವರಿಸಬೇಕಾಗುತ್ತದೆ. ಎದುರು ಪಕ್ಷದ ಸಾಕ್ಷಿಯ ಪಾಟೀ ಸವಾಲಿಗೆಂದು ಇಟ್ಟುಕೊಂಡ ದಾಖಲೆಗೂ, ಸಾಕ್ಷಿಯ ನೆನಪನ್ನು ತಾಜಾಗೊಳಿಸಲೆಂದೇ ಕೈಗೆ ಕೊಡುವ ದಾಖಲೆಗೂ ಈ ನಿರ್ಬಂಧವಿಲ್ಲ. ಮೂಲ ದಾಖಲೆಗಳು ವಿವಾದಾಂಶಗಳನ್ನು (ನ್ಯಾಯಾಲಯ ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು) ರಚಿಸುವ ಹೊತ್ತಿಗೆ ನ್ಯಾಯಾಲಯದ ಮುಂದಿರಬೇಕೆಂದು ಆದೇಶ 13, ನಿಯಮ 1 ಹೇಳುತ್ತದೆ.

ಪಟ್ಟಿಯನ್ನು ಸಿದ್ಧಪಡಿಸುವಾಗ ಕ್ರಮಸಂಖ್ಯೆ, ದಿನಾಂಕ ಮತ್ತು ವಿವರಗಳ ಪಕ್ಕದಲ್ಲಿ ನಿಮ್ಮ ಸ್ವಂತ ಪ್ರತಿಯಲ್ಲಿ ಇನ್ನೆರಡು ಅಂಕಣಗಳನ್ನು ಹಾಕಿಕೊಳ್ಳಿ: ಇದು ಮೂಲವೋ ನಕಲೋ, ಇದನ್ನು ರುಜುವಾತುಪಡಿಸುವ ಸಾಕ್ಷಿ ಯಾರು. ಎರಡನೆಯ ಅಂಕಣ ಖಾಲಿ ಉಳಿದ ದಾಖಲೆಯೇ ನಾಳೆ ತೊಂದರೆ ಕೊಡುವ ದಾಖಲೆ. ಪಹಣಿ, ಮ್ಯುಟೇಶನ್ ಮುಂತಾದ ಸಾರ್ವಜನಿಕ ದಾಖಲೆಗಳಿಗೆ ದೃಢೀಕೃತ ನಕಲು ಸಾಕು. ಖಾಸಗಿ ಪತ್ರದ ಜೆರಾಕ್ಸ್ ಪ್ರತಿಯ ವಿಷಯ ಹಾಗಲ್ಲ. ಮೂಲ ಕಳೆದುಹೋಗಿದೆ ಅಥವಾ ಎದುರಾಳಿಯ ವಶದಲ್ಲಿದೆ ಎಂಬಂಥ ಕಾರಣವನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 60ನೇ ಕಲಮಿನ ಅಡಿಯಲ್ಲಿ ಮೊದಲು ತೋರಿಸಿಕೊಡಬೇಕು.

ಇನ್ನು ನಿಶಾನೆಯ ಘಟ್ಟ. ಸಾಕ್ಷಿಯ ಮುಖ್ಯ ವಿಚಾರಣೆ ಆದೇಶ 18, ನಿಯಮ 4ರಂತೆ ಪ್ರಮಾಣಪತ್ರದ ಮೂಲಕ ನಡೆಯುತ್ತದೆ. ಆದರೆ ಅದರ ಜೊತೆಗಿಟ್ಟ ದಾಖಲೆಗಳ ರುಜುವಾತು ಮತ್ತು ಅಂಗೀಕಾರಾರ್ಹತೆ ನ್ಯಾಯಾಲಯದ ಆದೇಶಕ್ಕೆ ಒಳಪಟ್ಟಿರುತ್ತವೆ ಎಂದು ಅದೇ ನಿಯಮದ ಪರಂತುಕ (‘ಆದರೆ’ ಎಂದು ಸೇರಿಸಿದ ಷರತ್ತಿನ ಭಾಗ) ಹೇಳುತ್ತದೆ. ಪ್ರಮಾಣಪತ್ರದಲ್ಲಿ ‘ನಿಶಾನೆ ಪಿ.1’ ಎಂದು ಟೈಪು ಮಾಡಿದ ಮಾತ್ರಕ್ಕೆ ನಿಶಾನೆ ಬೀಳುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಪ್ರತಿವಾದಿಯ ವಕೀಲರು ಎದ್ದು ನಿಲ್ಲುವುದು ಈ ಕ್ಷಣದಲ್ಲೇ. ನೋಂದಣಿಯಾಗಿಲ್ಲ ಎಂಬ ಅವರ ಆಕ್ಷೇಪಣೆ ಇಲ್ಲಿ ಹೆಚ್ಚು ದೂರ ಸಾಗದು; ಕರಾರಿನ ಪಾಲನೆಗೆಂದೇ ಹೂಡಿದ ದಾವೆಯಲ್ಲಿ ನೋಂದಣಿಯಾಗದ ಕರಾರನ್ನೂ ಸಾಕ್ಷ್ಯವಾಗಿ ಸ್ವೀಕರಿಸಲು ನೋಂದಣಿ ಕಾಯ್ದೆಯ 49ನೇ ಕಲಮಿನ ಪರಂತುಕ ಅವಕಾಶ ಕೊಡುತ್ತದೆ. ಮುದ್ರಾಂಕ ಶುಲ್ಕದ ಆಕ್ಷೇಪಣೆಗೆ ಅಂಥ ಪರಿಹಾರವಿಲ್ಲ. ಸ್ವಾಧೀನ ಕೊಟ್ಟ ಕರಾರಿಗೆ ಕರ್ನಾಟಕ ಮುದ್ರಾಂಕ ಕಾಯ್ದೆ, 1957ರ ಅನುಸೂಚಿಯ ಪ್ರಕಾರ ಕ್ರಯಪತ್ರಕ್ಕೆ ಸಮನಾದ ಶುಲ್ಕ ತಗಲುತ್ತದೆ. ಶುಲ್ಕ ಸಾಲದ ಪತ್ರವನ್ನು ನ್ಯಾಯಾಲಯವು 33ನೇ ಕಲಮಿನ ಅಡಿಯಲ್ಲಿ ಜಪ್ತು ಮಾಡಬೇಕು. ಕೊರತೆಯ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟುವವರೆಗೆ 34ನೇ ಕಲಂ ಅದನ್ನು ಸಾಕ್ಷ್ಯದಿಂದ ದೂರವಿಡುತ್ತದೆ. ಕೊರತೆ 50,000 ರೂಪಾಯಿ ಎಂದಿಟ್ಟುಕೊಂಡರೆ ವಾದಿ ಕಟ್ಟಬೇಕಾದುದು 5,50,000 ರೂಪಾಯಿ. ಈ ದಂಡವನ್ನು ಇಳಿಸುವ ವಿವೇಚನೆ ವಿಚಾರಣಾ ನ್ಯಾಯಾಲಯಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಗಂಗಪ್ಪ ವಿರುದ್ಧ ಫಕ್ಕೀರಪ್ಪ ಪ್ರಕರಣದಲ್ಲಿ ತೀರ್ಮಾನಿಸಿತು. ಹೀಗಿರುವಾಗ ದಾವೆ ಹೂಡುವ ಮೊದಲೇ ಕರಾರಿನ ಸ್ವಾಧೀನದ ವಾಕ್ಯವನ್ನು ಹುಡುಕಿ ಓದಿ ಕಕ್ಷಿದಾರರಿಗೆ ಲೆಕ್ಕ ತಿಳಿಸುವುದು ವಕೀಲರ ಮೊದಲ ಕರ್ತವ್ಯವೆಂದು ನಾನು ತಿಳಿದಿದ್ದೇನೆ. ಸಾಕ್ಷಿ ಕಟಕಟೆಯಲ್ಲಿ ನಿಂತಿರುವಾಗ ಈ ಮೊತ್ತವನ್ನು ಮೊದಲ ಬಾರಿಗೆ ಕೇಳುವ ಕಕ್ಷಿದಾರರ ಸಂಕಟ ಸಣ್ಣದಲ್ಲ.

ಪ್ರತಿವಾದಿಯ ಕಡೆಯವರಿಗೂ ಇಲ್ಲಿ ಪಾಠವಿದೆ. ಆಕ್ಷೇಪಣೆಯಿದ್ದರೂ ದಾಖಲೆಯನ್ನು ತಾತ್ಕಾಲಿಕವಾಗಿ ಗುರುತಿಸಿ, ಆಕ್ಷೇಪಣೆಯನ್ನು ಅಂತಿಮ ತೀರ್ಪಿನಲ್ಲಿ ನಿರ್ಧರಿಸಬಹುದೆಂದು ಸುಪ್ರೀಂ ಕೋರ್ಟ್ 2001ರಲ್ಲಿ ಬಿಪಿನ್ ಶಾಂತಿಲಾಲ್ ಪಾಂಚಾಲ್ ಪ್ರಕರಣದಲ್ಲಿ ಹೇಳಿತು. ಮುದ್ರಾಂಕ ಶುಲ್ಕದ ಕೊರತೆಯ ಆಕ್ಷೇಪಣೆಯನ್ನು ಮಾತ್ರ ಅದೇ ತೀರ್ಪು ಈ ಕ್ರಮದಿಂದ ಹೊರಗಿಟ್ಟಿದೆ. ಅದನ್ನು ಆಗಲೇ ತೀರ್ಮಾನಿಸಬೇಕು. ಸುಮ್ಮನಿದ್ದು ನಿಶಾನೆ ಬೀಳಲು ಬಿಟ್ಟರೆ, ಮುಂದೆ ಅದೇ ದಾವೆಯಲ್ಲಿ ಆ ಪ್ರಶ್ನೆಯನ್ನು ಎತ್ತದಂತೆ ಮುದ್ರಾಂಕ ಕಾಯ್ದೆಯ 35ನೇ ಕಲಂ ತಡೆಯುತ್ತದೆ. ನಕಲನ್ನು ಸರಿಯಾದ ತಳಹದಿಯಿಲ್ಲದೆ ತಂದಿದ್ದಾರೆ ಎಂಬಂಥ, ರುಜುವಾತಿನ ವಿಧಾನಕ್ಕೆ ಸಂಬಂಧಿಸಿದ ಆಕ್ಷೇಪಣೆಯನ್ನೂ ಆ ಹೊತ್ತಿನಲ್ಲೇ ಎತ್ತಬೇಕು. ಆಗ ಎತ್ತಿದರೆ ಎದುರಾಳಿಗೆ ದೋಷವನ್ನು ಸರಿಪಡಿಸಿಕೊಳ್ಳುವ ಅವಕಾಶವಿರುತ್ತದೆ. ಮೂಲತಃ ಅಂಗೀಕಾರಕ್ಕೇ ಅರ್ಹವಲ್ಲದ ದಾಖಲೆಯ ಮೇಲಿನ ಆಕ್ಷೇಪಣೆ ಹೀಗೆ ಕಳೆದುಹೋಗುವುದಿಲ್ಲ. ಸುಪ್ರೀಂ ಕೋರ್ಟಿನ 2003ರ ವೆಂಕಟಾಚಲ ಗೌಂಡರ್ ತೀರ್ಪಿನಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿದೆ.

ಅಂಗೀಕರಿಸಿದ ದಾಖಲೆಯ ಮೇಲೆ ದಾವೆಯ ಸಂಖ್ಯೆ ಮತ್ತು ಶೀರ್ಷಿಕೆ, ಹಾಜರುಪಡಿಸಿದವರ ಹೆಸರು, ಹಾಜರುಪಡಿಸಿದ ದಿನಾಂಕ ಮತ್ತು ಅಂಗೀಕರಿಸಿದ ಒಕ್ಕಣೆ ಇದ್ದು, ನ್ಯಾಯಾಧೀಶರ ಸಹಿ ಅಥವಾ ಚಿಕ್ಕ ಸಹಿ ಇರಬೇಕೆಂದು ಆದೇಶ 13, ನಿಯಮ 4 ವಿಧಿಸುತ್ತದೆ. ವಾದಿಯ ದಾಖಲೆಗಳು ‘ಪಿ’, ಪ್ರತಿವಾದಿಯವು ‘ಡಿ’ ಸರಣಿಯಲ್ಲಿ ಬರುತ್ತವೆ. ಕರಾರಿನ ಮೇಲಿನ ಸಹಿಯನ್ನು ಸಾಕ್ಷಿ ಗುರುತಿಸಿದರೆ ಅದು ಪಿ.1(ಎ) ಆಗುತ್ತದೆ.

ನಿಶಾನೆ ಬಿದ್ದ ಮೇಲೂ ರುಜುವಾತಿನ ಹೊಣೆ ಉಳಿದೇ ಇರುತ್ತದೆ. ಸಹಿ ಯಾರದೆಂದು ಹೇಳುವ ಸಾಕ್ಷಿ ಬೇಕು, ಒಳಗಿನ ಸಂಗತಿ ನಿಜವೆಂದು ತೋರಿಸುವ ಸಾಕ್ಷ್ಯ ಬೇಕು. ಮುಂಗಡ ಹಣದ ಬಗ್ಗೆ ಉಭಯತರು ಕಳುಹಿಸಿಕೊಂಡ ವಾಟ್ಸಾಪ್ ಸಂದೇಶಗಳ ಮುದ್ರಿತ ಪ್ರತಿಯನ್ನು ಕೊಡುವುದಾದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ದೃಢೀಕರಣ ಪತ್ರ (ಸರ್ಟಿಫಿಕೇಟ್) ಅಗತ್ಯ. ಅದರ ಒಂದು ಭಾಗಕ್ಕೆ ಪಕ್ಷಕಾರನೂ ಇನ್ನೊಂದು ಭಾಗಕ್ಕೆ ತಜ್ಞನೂ ಸಹಿ ಮಾಡಬೇಕು. ಹ್ಯಾಶ್ ಮೌಲ್ಯವನ್ನೂ (ವಿದ್ಯುನ್ಮಾನ ದಾಖಲೆಯ ಬೆರಳಚ್ಚಿನಂಥ ಗುರುತಿನ ಸಂಕೇತ) ಅದರಲ್ಲಿ ನಮೂದಿಸಬೇಕು.

ದಾವೆ ಮುಗಿದು ಮೇಲ್ಮನವಿಯ ಅವಧಿ ಕಳೆದ ಮೇಲೆ, ಅಥವಾ ಸಲ್ಲಿಸಿದ ಮೇಲ್ಮನವಿ ಇತ್ಯರ್ಥವಾದ ಮೇಲೆ, ಮೂಲ ದಾಖಲೆಗಳನ್ನು ಆದೇಶ 13, ನಿಯಮ 9ರ ಪ್ರಕಾರ ಹಿಂದಕ್ಕೆ ಪಡೆಯಬಹುದು. ಅದಕ್ಕೂ ಮೊದಲೇ ಬೇಕಾದರೆ ದೃಢೀಕೃತ ನಕಲನ್ನು ಬದಲಿಗೆ ಇಟ್ಟು, ಕೇಳಿದಾಗ ಮೂಲವನ್ನು ಹಾಜರುಪಡಿಸುವುದಾಗಿ ಬರೆದುಕೊಡಬೇಕು.